ಮಾಸ್ಟ್ರನ್ನು ಕೇಳಿ: ಮಂಗಳೂರಿನ ಅಶು, ಶನಿವಾರದ ಗಾಣಿಗರು, ಗೋವಾದ ವೈದ್ಯ

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹೋದ ತಿಂಗಳು ಮುಂಬಯಿಯ ಕಾಳಾ ಘೋಡಾದ ನೀಲಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಕೆನೆಸೆತ್ ಎಲಿಯಾಹೂ ಅಂತ ಅದರ ಹೆಸರು. 1884ರಲ್ಲಿ ಡೇವಿಡ್ ಸಸೂನ್ ಕಟ್ಟಿಸಿದರು ಎಂದು ಬರೆದುಬಿಟ್ಟೆ. ಠಾಣೆಯ ಒಬ್ಬರು ಪೋಸ್ಟ್ ಕಾರ್ಡಿನಲ್ಲಿ ಒಂದೇ ಸಾಲು ಗೀಚಿ ಕಳಿಸಿದ್ದಾರೆ: "ಮಾಸ್ಟ್ರೇ, 1864ರಲ್ಲಿ ತೀರಿಕೊಂಡವರು 1884ರಲ್ಲಿ ಗೋಡೆ ಎಬ್ಬಿಸಿದ್ದು ಹೇಗೆ?" ಒಪ್ಪಿದೆ. ಕಟ್ಟಿಸಿದ್ದು ಅವರ ಮೊಮ್ಮಗ ಜೇಕಬ್ ಸಸೂನ್, ತಂದೆ ಎಲಿಯಾಸ್ ನೆನಪಿಗೆ. ನೈಟ್ ಸ್ಕೂಲಿನಲ್ಲಿ ಮಕ್ಕಳ ಇಸವಿ ತಪ್ಪಿದರೆ ಕಿವಿ ಹಿಂಡುತ್ತಿದ್ದವನು ನಾನು. ಈಗ ನನ್ನ ಸರದಿ.

ಆ ನಾಲ್ಕು ಸಾಲಿಗೆ ಬಂದಷ್ಟು ಪತ್ರ ಈ ಅಂಕಣಕ್ಕೆ ಯಾವತ್ತೂ ಬಂದಿರಲಿಲ್ಲ. ಹಾಗಾಗಿ ಈ ತಿಂಗಳು ಪೂರ್ತಿ ಯಹೂದಿಗಳ ವಿಷಯವೇ. ಪಿಂಚಣಿ, ಪಾಸ್‌ಪೋರ್ಟ್ ಕೇಳಿದವರು ಸ್ವಲ್ಪ ಕಾಯಬೇಕು.

"ಮಾಸ್ಟ್ರೇ, ಒಂಬೈನೂರು ವರ್ಷದ ಹಿಂದೆ ಮಂಗಳೂರಿನಲ್ಲಿ ಒಬ್ಬ ಯಹೂದಿ ಕಂಚಿನ ಕಾರ್ಖಾನೆ ಇಟ್ಟಿದ್ದನಂತೆ, ನಮ್ಮ ಕಡೆಯ ಹುಡುಗಿಯನ್ನೇ ಮದುವೆಯಾಗಿದ್ದನಂತೆ. ಕಾಲೇಜಿಗೆ ಹೋಗುವ ಮಗ ಹೇಳುತ್ತಾನೆ. ನಿಜವಾ, ಇಲ್ಲ ವಾಟ್ಸಾಪ್ ಕಥೆಯಾ?" — ಮೀರಾ ರೋಡಿನಲ್ಲಿ ಹೋಟೆಲ್ ನಡೆಸುವ ಓದುಗರು

ಮಗ ಹೇಳಿದ್ದು ಮುಕ್ಕಾಲು ಪಾಲು ನಿಜ. ಅವನ ಹೆಸರು ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಷಿಯಾದ ಮಹ್ದಿಯಾ ಪಟ್ಟಣದವನು. 1132ರಿಂದ 1149ರವರೆಗೆ, ಹೆಚ್ಚು ಕಮ್ಮಿ ಹದಿನೇಳು ವರ್ಷ, ಮಂಗಳೂರು ಮತ್ತು ಅದರ ದಕ್ಷಿಣದ ಕರಾವಳಿಯಲ್ಲಿ ಇದ್ದ. ಮೆಣಸು, ಅಡಿಕೆ, ಕಬ್ಬಿಣ ಯೆಮನ್‌ನ ಏಡನ್ ಬಂದರಿಗೆ ಕಳಿಸುತ್ತಿದ್ದ. ಕಂಚು ಹಿತ್ತಾಳೆಯ ಪಾತ್ರೆ ಮಾಡಿಸುತ್ತಿದ್ದ. ಏಡನ್‌ನ ಗಿರಾಕಿಗಳು ತಾಮ್ರ, ಒಡೆದ ಹಳೇ ಪಾತ್ರೆ ಎಲ್ಲ ಹಡಗಿಗೆ ಹಾಕಿ ಕಳಿಸುವುದು, ಇವನು ಕರಗಿಸಿ ಹೊಸದು ಮಾಡಿಸಿ ವಾಪಸ್ ಕಳಿಸುವುದು. ದೀಪ ಇಂಥ ಅಳತೆಯದು ಬೇಕು, ಬೋಗುಣಿ ಇಷ್ಟು ತೂಕದ್ದು ಬೇಕು ಅಂತ ಆರ್ಡರ್. ಮೂವತ್ತೊಂದು ವರ್ಷ ಮಸ್ಜಿದ್ ಬಂದರಿನ ಒಂದು ಕ್ಲಿಯರಿಂಗ್ ಏಜೆಂಟ್ ಆಫೀಸಿನಲ್ಲಿ ಇಂಥದ್ದೇ ಪತ್ರ ಟೈಪ್ ಮಾಡಿದವನು ನಾನು. ಓದುವಾಗ ನಗು ಬರುತ್ತದೆ. ಮಾಲು ಒದ್ದೆಯಾಯಿತು, ತೂಕ ಕಮ್ಮಿ ಬಂತು, ಅವನು ದುಡ್ಡು ಕೊಟ್ಟಿಲ್ಲ. ಏನೂ ಬದಲಾಗಿಲ್ಲ.

ಇದೆಲ್ಲ ಗೊತ್ತಾದದ್ದು ಹೇಗೆ? ಹಳೇ ಕೈರೋದಲ್ಲಿ ಬೆನ್ ಎಜ್ರಾ ಅಂತ ಒಂದು ಸಿನಗಾಗ್ ಇದೆ. ದೇವರ ಹೆಸರು ಬರೆದ ಕಾಗದವನ್ನು ಕಸಕ್ಕೆ ಹಾಕಬಾರದು ಎಂಬುದು ಯಹೂದಿಗಳ ನಿಯಮ. ಹಾಗಾಗಿ ಹರಿದದ್ದು ಹಳೆಯದಾದದ್ದು ಎಲ್ಲ ಒಂದು ಕೋಣೆಗೆ ಹಾಕುತ್ತಿದ್ದರು. ಆ ಕೋಣೆಗೆ ಗೆನಿಜಾ ಅನ್ನುತ್ತಾರೆ. ವ್ಯಾಪಾರದ ಪತ್ರವೂ ದೇವರ ಹೆಸರಿನಿಂದಲೇ ಶುರುವಾಗುತ್ತದೆ ಅಲ್ವಾ, ಹಾಗಾಗಿ ಅದೂ ಒಳಗೆ. ನಮ್ಮ ಅಂಗಡಿ ಲೆಕ್ಕದ ಪುಸ್ತಕದ ಮೇಲೆ "ಶ್ರೀ" ಇದೆ ಅಂತ ಅದನ್ನು ಎಸೆಯದೆ ಇಟ್ಟ ಹಾಗೆ. ಹೀಗೆ ಸುಮಾರು ನಾಲ್ಕು ಲಕ್ಷ ತುಣುಕು ಸೇರಿತು.

1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ಆ ಕಡೆ ಪ್ರವಾಸ ಹೋಗಿ ಕೆಲವು ಹಳೇ ಹಾಳೆ ಕೊಂಡು ತಂದರು. ಕೇಂಬ್ರಿಜ್‌ನಲ್ಲಿ ಪಾಠ ಹೇಳುತ್ತಿದ್ದ ಸಾಲೊಮನ್ ಶೆಕ್ಟರ್‌ಗೆ ತೋರಿಸಿದರು. ಅವರು ನೋಡಿದವರೇ ಕೈರೋಗೆ ಓಡಿದರು. ಅಲ್ಲಿಂದ ತಂದ ರಾಶಿಯೇ ಕೇಂಬ್ರಿಜ್‌ನಲ್ಲಿ ಇವತ್ತು ಸುಮಾರು 1,93,000 ತುಣುಕು.

ಭಾರತದ ವ್ಯಾಪಾರದ ಪತ್ರಗಳನ್ನು ಹೆಕ್ಕಿ ತೆಗೆದವರು ಗೊಯ್ಟೈನ್ ಎಂಬ ವಿದ್ವಾಂಸರು. ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವಲ್ಲ, ಹಾಗೆ. ದಶಕಗಟ್ಟಲೆ ಕೂತರೂ ಅವರ ಕೈಯಲ್ಲಿ ಮುಗಿಯಲಿಲ್ಲ. 1985ರಲ್ಲಿ ತೀರಿಕೊಂಡರು. ಅವರ ಶಿಷ್ಯ ಮೊರ್ದೆಖಾಯ್ ಫ್ರೀಡ್‌ಮನ್ ಮುಂದುವರಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ದಪ್ಪದೊಂದು ಪುಸ್ತಕ ಹೊರತಂದರು. 2018ರಲ್ಲಿ ಎಲಿಜಬೆತ್ ಲ್ಯಾಂಬೋರ್ನ್ ಇನ್ನೊಂದು ಪುಸ್ತಕ ಬರೆದರು. ಅದು ಪೂರ್ತಿ ಒಂದು ಚೀಟಿಯ ಮೇಲೆ! ಬೆನ್ ಯಿಜು ಊರಿಗೆ ಹೊರಟಾಗ ಹಡಗಿಗೆ ಏನೇನು ತುಂಬಬೇಕು ಅಂತ ಬರೆದುಕೊಂಡ ಪಟ್ಟಿ. ಅದೂ ಹೊಸ ಕಾಗದದ ಮೇಲಲ್ಲ, ಯಾರೋ ಬರೆದ ಪತ್ರದ ಬೆನ್ನಿಗೆ. ಆಸಾಮಿ ಕಾಗದದ ಜಿಪುಣ. ನಮ್ಮ ಕರಾವಳಿಯವರು ಓಲೆಗರಿಯಲ್ಲಿ ಬರೆಯುತ್ತಿದ್ದರು, ಇವನಿಗೆ ಕಾಗದ ಬೇಕು. ಏಡನ್ ಸ್ನೇಹಿತರು ಸಕ್ಕರೆ, ಒಣದ್ರಾಕ್ಷಿ, ಸೋಪಿನ ಜೊತೆ ಕಾಗದವನ್ನೂ ಉಡುಗೊರೆ ಕಳಿಸುತ್ತಿದ್ದರು.

ಇನ್ನು ನೀವು ಕೇಳಿದ ಹುಡುಗಿ. ಅವಳ ಹೆಸರು ಅಶು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ಬಿಡುಗಡೆ ಪತ್ರ ಸಿಕ್ಕಿದೆ. ದಾಸಿಯಾಗಿದ್ದ ಅಶುವನ್ನು ಬೆನ್ ಯಿಜು ಸ್ವತಂತ್ರಳನ್ನಾಗಿ ಮಾಡಿದ ಪತ್ರ. ಅವಳೇ ಅವನ ಮಕ್ಕಳ ತಾಯಿ ಎಂದು ವಿದ್ವಾಂಸರು ಹೇಳುತ್ತಾರೆ. ಲೆಕ್ಕದ ಚೀಟಿಯಲ್ಲಿ ಅವಳ ಅಣ್ಣನೋ ತಮ್ಮನೋ "ನಾಯರ್" ಅಂತ ಬರುತ್ತಾನೆ. ಅದರಿಂದ ಅವಳು ನಾಯರ್ ಮನೆತನದವಳು ಇರಬಹುದು ಎಂಬ ಊಹೆ ಇದೆ. ಹೆಣ್ಣಿನ ಕಡೆಯಿಂದ ಕುಟುಂಬ ಲೆಕ್ಕ ಹಾಕುವ ಮನೆ. ಅಲ್ಲಿ ಅಣ್ಣತಮ್ಮ ವ್ಯವಹಾರದೊಳಗೆ ಬರುವುದು ಸಹಜ, ಅಳಿಯಕಟ್ಟಿನವರಿಗೆ ನಾನು ಹೇಳಬೇಕಾಗಿಲ್ಲ.

ಆಮೇಲೆ? 1149ರಲ್ಲಿ ಅವನು ಮಗ ಮಗಳನ್ನು ಕರೆದುಕೊಂಡು ಏಡನ್‌ಗೆ ಹೋದ. ಅಶು ಜೊತೆಗಿದ್ದಳು ಎಂದು ಯಾವ ಕಾಗದವೂ ಹೇಳುವುದಿಲ್ಲ. ಮಗ ಯೆಮನ್‌ನಲ್ಲೇ ತೀರಿಕೊಂಡ. ಮಗಳು ಸಿತ್ತ್ ಅಲ್‌ದಾರ್‌ಳನ್ನು ತನ್ನ ಸೋದರನ ಮಗನಿಗೆ ಕೊಟ್ಟು ಈಜಿಪ್ಟಿನಲ್ಲಿ ಮದುವೆ ಮಾಡಿದ. ಇಷ್ಟು ಪತ್ರಗಳಿವೆ, ಮೆಣಸಿನ ತೂಕ ಇದೆ, ಒಣದ್ರಾಕ್ಷಿಯ ಲೆಕ್ಕ ಇದೆ. ಅಶುವಿನ ಒಂದು ಮಾತೂ ಇಲ್ಲ. ದಾಸಿಯಾಗಿದ್ದಳು, ಬಿಡುಗಡೆಗೆ ಪತ್ರ ಬೇಕಾಯಿತು, ಹಾಗಾಗಿ ಹೆಸರು ಉಳಿಯಿತು. ಹುಟ್ಟಿನಿಂದಲೇ ಸ್ವತಂತ್ರಳಾಗಿದ್ದರೆ ಅದೂ ಉಳಿಯುತ್ತಿರಲಿಲ್ಲವೇನೋ.

ಬೊಮ್ಮನ ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬೆನ್ ಯಿಜುವಿನ ಆಳು. ಆಳು ಅಂದರೆ ಮನೆ ಗುಡಿಸುವವನಲ್ಲ, ಮಾಲು ಹಿಡಿದು ಏಡನ್‌ಗೆ ಹೋಗಿ ಬರುವ ಏಜೆಂಟ್. 1148ರ ಒಂದು ಪತ್ರದಲ್ಲಿ ಏಡನ್ ವ್ಯಾಪಾರಿ ಖಲಫ್ ಬಿನ್ ಇಶಾಕ್ ಇವನಿಗೂ ಮರೆಯದೆ ಸಲಾಂ ತಿಳಿಸಿದ್ದಾನೆ. ಹೀಬ್ರೂ ಲಿಪಿಯಲ್ಲಿ ಸ್ವರ ಬರೆಯುವುದು ಕಮ್ಮಿ. ಹಾಗಾಗಿ ಮೊದಮೊದಲು ಇವನ ಹೆಸರನ್ನು "ಬಾಮ" ಎಂದು ಓದಿದ್ದರು. "ಬೊಮ್ಮ" ಅಂತ ಓದಿಕೊಂಡದ್ದು ಆಮೇಲೆ. ನಮ್ಮ ಶಾಸನಗಳಲ್ಲಿ ಬೊಮ್ಮಯ್ಯ, ಬೊಮ್ಮರಸ ಎಷ್ಟು ಜನ ಬೇಕು! ಯಾರಾದರೂ ಕನ್ನಡದವರನ್ನೋ ತುಳುವರನ್ನೋ ಮೊದಲೇ ಕೇಳಿದ್ದರೆ ಒಂದು ನಿಮಿಷದ ಕೆಲಸ.

"ಕೊಂಕಣದ ಯಹೂದಿಗಳಿಗೆ ಶನಿವಾರ್ ತೇಲಿ ಅಂತ ಯಾಕೆ ಹೆಸರು? ಅವರು ನಿಜವಾಗಿ ಹೊರಗಿನಿಂದ ಬಂದವರಾ? ಡಿಎನ್‌ಎ ಪರೀಕ್ಷೆ ಏನು ಹೇಳುತ್ತದೆ?" — ಡೊಂಬಿವಲಿಯ ಶಿಕ್ಷಕಿ

ತೇಲಿ ಅಂದರೆ ಗಾಣಿಗರು. ಅಲಿಬಾಗ್ ಸುತ್ತಿನ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಗಾಣ ಕಟ್ಟುತ್ತಿರಲಿಲ್ಲ. ಅಷ್ಟೇ. ತಮ್ಮನ್ನು ಅವರು ಬೆನೆ ಇಸ್ರೇಲ್, ಅಂದರೆ ಇಸ್ರೇಲನ ಮಕ್ಕಳು ಎಂದು ಕರೆದುಕೊಂಡರು. ಮನೆಮಾತು ಮರಾಠಿ. ಅಡ್ಡಹೆಸರು ಊರಿನದು: ಪೇಣ್‌ನವರು ಪೇಣ್‌ಕರ್, ರೋಹೆಯವರು ರೋಹೇಕರ್, ದಿವೆಯವರು ದಿವೇಕರ್.

ಅವರ ಕಥೆಯ ಪ್ರಕಾರ ಎರಡು ಸಾವಿರ ವರ್ಷದ ಹಿಂದೆ ನವ್‌ಗಾಂವ್ ಹತ್ತಿರ ಹಡಗು ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು. ಪುಸ್ತಕ ಎಲ್ಲ ನೀರುಪಾಲು. ಕಾಲಕ್ರಮದಲ್ಲಿ ಹೀಬ್ರೂ ಮರೆತುಹೋಯಿತು. ಉಳಿದದ್ದು ಒಂದು ಪ್ರಾರ್ಥನೆಯ ಮೊದಲ ಸಾಲು, ಗಂಡು ಮಕ್ಕಳ ಸುನ್ನತಿ, ಶನಿವಾರದ ರಜೆ, ಅಡುಗೆಮನೆಯ ಕಟ್ಟುಪಾಡು. ಎಷ್ಟೋ ಕಾಲದ ಮೇಲೆ ಡೇವಿಡ್ ರಹಾಬಿ ಎಂಬ ಯಹೂದಿ ಆ ಕಡೆ ಬಂದನಂತೆ. ಇವರು ನಮ್ಮವರು ಹೌದೋ ಅಲ್ಲವೋ ಎಂದು ಅನುಮಾನ. ಹೆಂಗಸರ ಮುಂದೆ ಬಗೆಬಗೆಯ ಮೀನು ಇಟ್ಟು ಅಡುಗೆ ಮಾಡಿ ಅಂದ. ಅವರು ರೆಕ್ಕೆ, ಚಿಪ್ಪು ಎರಡೂ ಇರುವ ಮೀನು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಬದಿಗಿಟ್ಟರು. ಯಹೂದಿ ಧರ್ಮದಲ್ಲಿ ತಿನ್ನಬಹುದಾದ ಮೀನು ಅದೇ. ಪರೀಕ್ಷೆ ಪಾಸ್! ಕಥೆ ನಿಜವೋ ಸುಳ್ಳೋ, ನನಗೆ ತುಂಬ ಇಷ್ಟ. ಪುಸ್ತಕ ಮುಳುಗಿದ ಮೇಲೂ ಧರ್ಮ ಮೀನಿನ ಬುಟ್ಟಿಯಲ್ಲಿ ಉಳಿದಿತ್ತು ಅಂತ ಅದು ಹೇಳುತ್ತದೆ.

ನಮ್ಮ ಆಫೀಸಿನ ಹೆಡ್ ಕ್ಲರ್ಕ್ ಬೆನೆ ಇಸ್ರೇಲ್. ಜೊತೆಗೆ ಕೂತು ಡಬ್ಬಿ ಬಿಚ್ಚಿದ ಅಷ್ಟೂ ವರ್ಷದಲ್ಲಿ ಅವರು ಬಂಗುಡೆ ತಿಂದರು, ಸಿಗಡಿ ಮುಟ್ಟಲಿಲ್ಲ. ಮಾಂಸಕ್ಕೆ ಹಾಲು ಮೊಸರು ಸೋಕಬಾರದು, ಹಾಗಾಗಿ ಎಲ್ಲಕ್ಕೂ ತೆಂಗಿನ ಹಾಲು. ಅವರ ಹೊಸ ವರ್ಷ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಬರುತ್ತದೆ. ಆಗ ಒಂದು ಸ್ಟೀಲ್ ಡಬ್ಬಿಯಲ್ಲಿ ಹಲ್ವಾ ತರುತ್ತಿದ್ದರು. ಗೋಧಿ ನೆನೆಸಿ, ರುಬ್ಬಿ, ಹಾಲು ತೆಗೆದು, ತೆಂಗಿನ ಹಾಲು ಸಕ್ಕರೆ ಸೇರಿಸಿ, ತಳ ಹಿಡಿಯದಂತೆ ಗಂಟೆಗಟ್ಟಲೆ ಕೈಯಾಡಿಸಿ, ತಟ್ಟೆಗೆ ಸುರಿದು, ವಜ್ರದಾಕಾರಕ್ಕೆ ಕೊಯ್ದದ್ದು. ಚೀಕ್‌ಚಾ ಹಲ್ವಾ ಅಂತ ಹೆಸರು. ಮೊದಲ ತುಂಡು ಬಾಯಿಗಿಟ್ಟಾಗ ನಾನು, "ಇದು ನಮ್ಮ ಹಾಲುಬಾಯಿ ಅಲ್ವಾ!" ಅಂದುಬಿಟ್ಟೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಹರಕೆ ತೀರಿಸುವಾಗ ಮಾಡುವ ಮಲೀದಾ ಇನ್ನೂ ಹತ್ತಿರದ್ದು: ಅವಲಕ್ಕಿ, ತೆಂಗಿನ ತುರಿ, ಸಿಹಿ, ಮೇಲೆ ಹಣ್ಣು. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹಂಚುತ್ತಾರೆ. ಈ ಸಲ ನಾನು ಬಾಯಿ ಮುಚ್ಚಿಕೊಂಡು ತಿಂದೆ.

ಈಗ ಡಿಎನ್‌ಎ. 2016ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಬೆನೆ ಇಸ್ರೇಲ್ ಜನರಲ್ಲಿ ಪಶ್ಚಿಮ ಏಷ್ಯಾದ ಯಹೂದಿ ಮೂಲವೂ ಇದೆ, ಇಲ್ಲಿಯ ಮೂಲವೂ ಇದೆ, ಎರಡೂ ದೊಡ್ಡ ಪಾಲು ಎಂದು ಅದು ಹೇಳಿತು. ತಾಯಿಯಿಂದ ಬರುವ ಭಾಗ ಬಹುಪಾಲು ಇಲ್ಲಿಯದು. ಈ ಬೆರಕೆ ನಡೆದದ್ದು 19ರಿಂದ 33 ತಲೆಮಾರಿನ ಹಿಂದೆ, ಅಂದರೆ 650ರಿಂದ 1,050 ವರ್ಷದ ಹಿಂದೆ. ಹಡಗಿನ ಕಥೆಗೂ ಇದಕ್ಕೂ ತಾಳೆ ಆಗಲಿಲ್ಲ ಎಂದು ಕೆಲವರು ಕುಣಿದರು. ನಿಧಾನ ಮಾರಾಯ್ರೆ. ಬೆರೆತ ಕಾಲ ಬೇರೆ, ಬಂದ ಕಾಲ ಬೇರೆ. ಬಂದು ಎಷ್ಟು ವರ್ಷ ಬೆರೆಯದೆ ಇದ್ದರು ಎಂದು ರಕ್ತ ಹೇಳುವುದಿಲ್ಲ.

ಆದರೆ ಆ ಲೆಕ್ಕ ಇನ್ನೊಮ್ಮೆ ನೋಡಿ. ಅಶು ಇದ್ದದ್ದು ಸುಮಾರು 890 ವರ್ಷದ ಹಿಂದೆ. ಆ ಅವಧಿಯ ಒಳಗೇ ಬಂತಲ್ಲ! ಅಶು ಬೆನೆ ಇಸ್ರೇಲ್ ಜನರ ಅಜ್ಜಿ ಅಂತ ನಾನು ಹೇಳುತ್ತಿಲ್ಲ, ಆ ಕುಟುಂಬ ಈಜಿಪ್ಟಿಗೆ ಹೋಯಿತು. ಆದರೆ ಸಮುದ್ರದಿಂದ ಬಂದ ಗಂಡಸು, ಈ ದಡದ ಹೆಂಗಸು. ಮಂಗಳೂರಿನಲ್ಲಿ ನಡೆದದ್ದಕ್ಕೆ ಕಾಗದ ಉಳಿದಿದೆ, ಕೊಂಕಣದಲ್ಲಿ ನಡೆದದ್ದಕ್ಕೆ ರಕ್ತ ಮಾತ್ರ. ಇನ್ನೊಂದು ಕಹಿ ಮಾತು. ಬೆನೆ ಇಸ್ರೇಲ್ ಒಳಗೇ ಗೋರೆ, ಕಾಳೆ (ಬಿಳಿಯರು, ಕರಿಯರು) ಎಂದು ಎರಡು ಪಂಗಡ ಇದ್ದವು. ಹೊರಗಿನ ತಾಯಿಗೆ ಹುಟ್ಟಿದವರು ಕಾಳೆ, ಅವರೊಡನೆ ಮದುವೆ ಇಲ್ಲ. ಎಲ್ಲರ ತಾಯಿಯ ಕಡೆಯೂ ಹೆಚ್ಚಿನ ಮಟ್ಟಿಗೆ ಇಲ್ಲಿಯದೇ ಎಂದು ಆಮೇಲೆ ಗೊತ್ತಾಯಿತು. ನಮ್ಮ ಜಾತಿ ರೋಗ ಯಾರನ್ನೂ ಬಿಟ್ಟಿಲ್ಲ.

2011ರ ಜನಗಣತಿಯಲ್ಲಿ ಇಡೀ ದೇಶದ ಯಹೂದಿಗಳು 4,650. ಮುಕ್ಕಾಲುವಾಸಿ ಜನ 1948ರ ನಂತರ ಇಸ್ರೇಲಿಗೆ ಹೋದರು. ಅಲ್ಲಿಯೂ ಇವರು ಪೂರ್ಣ ಯಹೂದಿಗಳು ಹೌದೋ ಅಲ್ಲವೋ ಎಂದು ತಗಾದೆ ಎದ್ದಿತ್ತು, 1964ರಲ್ಲಿ ಬಗೆಹರಿಯಿತು. ಮಹಾರಾಷ್ಟ್ರ ಸರ್ಕಾರ ಇವರಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟದ್ದು 2016ರಲ್ಲಿ.

"ಪುಣೆಯ ಲಾಲ್ ದೇವಳ ದೇವಸ್ಥಾನವಾ?" — ಹಡಪ್ಸರ್

ಅಲ್ಲ, ಸಿನಗಾಗ್. ಓಹೆಲ್ ಡೇವಿಡ್. ಕೆಂಪು ಇಟ್ಟಿಗೆ, ಎತ್ತರದ ಗೋಪುರ, 1867ರದ್ದು. ದೂರದಿಂದ ಚರ್ಚ್ ಅನ್ನಬೇಕು. ಡೇವಿಡ್ ಸಸೂನ್ ಸಮಾಧಿ ಅಲ್ಲೇ ಇದೆ. ಅವರು ಬಗ್ದಾದಿನಿಂದ ಬಂದವರು, ಬೆನೆ ಇಸ್ರೇಲ್ ಅಲ್ಲ. ಬೆನೆ ಇಸ್ರೇಲ್ ಜನರ ಸಿನಗಾಗ್ ರಾಸ್ತಾ ಪೇಠ್‌ನಲ್ಲಿ ಬೇರೆ ಇದೆ, 1921ರದ್ದು.

"ಕನ್ನಡ ಶಾಲೆಗಳು ಮುಚ್ಚುತ್ತಿವೆ. ನೀವು ಸಿನಗಾಗ್ ಬಗ್ಗೆ ಬರೆಯುತ್ತೀರಿ. ನಮಗೇನು ಸಂಬಂಧ?" — ಕಲ್ಯಾಣ್

ನಾನು ಪಾಠ ಹೇಳಿದ ನೈಟ್ ಸ್ಕೂಲೂ ಮುಚ್ಚಿತು ಸ್ವಾಮಿ, ಆ ಸಂಕಟ ನನಗೂ ಗೊತ್ತು. ಆದರೆ ಸಂಬಂಧ ಕೇಳಿದಿರಿ, ಹೇಳುತ್ತೇನೆ. ಮಸ್ಜಿದ್ ಬಂದರಿನ ಸ್ಯಾಮುಯೆಲ್ ಸ್ಟ್ರೀಟ್‌ನಲ್ಲಿ ಮುಂಬಯಿಯ ಮೊದಲ ಸಿನಗಾಗ್ ಇದೆ, 1796ರದ್ದು. ಕಟ್ಟಿಸಿದವರು ಸ್ಯಾಮುಯೆಲ್ ದಿವೇಕರ್, ಕಂಪನಿ ಸೈನ್ಯದಲ್ಲಿದ್ದ ಬೆನೆ ಇಸ್ರೇಲ್. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕರು. ನೀನು ಯಾರು ಎಂದು ಕೇಳಿದಾಗ ಬೆನೆ ಇಸ್ರೇಲ್ ಅಂದರಂತೆ. ಕುರಾನಿನಲ್ಲಿ ಬರುವ ಹೆಸರು, ಕಣ್ಣಾರೆ ಯಾವತ್ತೂ ನೋಡಿಲ್ಲ, ಇವನನ್ನು ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ಬೇಡಿಕೊಂಡರಂತೆ. ಬದುಕಿ ಬಂದರೆ ಸಿನಗಾಗ್ ಕಟ್ಟಿಸುತ್ತೇನೆ ಎಂದು ಹರಕೆ ಹೊತ್ತಿದ್ದರು, ಕಟ್ಟಿಸಿದರು. ಬೆನೆ ಇಸ್ರೇಲ್ ಜನ ಸಿನಗಾಗ್‌ಗೆ ಮಶೀದ್ ಎಂದೇ ಹೇಳುತ್ತಿದ್ದರು. ಸ್ಟೇಷನ್ನಿಗೆ ಮಸ್ಜಿದ್ ಎಂದು ಹೆಸರು ಬಂದದ್ದು ಅದರಿಂದಲೇ ಎನ್ನುವವರಿದ್ದಾರೆ. ಮೈಸೂರಿನವರ ಪಾಲು ಇಷ್ಟು.

"ಪಣಜಿಯ ಗಾರ್ಸಿಯಾ ದ ಓರ್ತಾ ಗಾರ್ಡನ್‌ನಲ್ಲಿ ದಿನಾ ವಾಕಿಂಗ್ ಮಾಡುತ್ತೇನೆ. ಯಾರಿವರು?" — ಪಣಜಿಯ ನಿವೃತ್ತ ಬ್ಯಾಂಕ್ ಉದ್ಯೋಗಿ

ಪೋರ್ಚುಗಲ್‌ನಿಂದ 1534ರಲ್ಲಿ ಬಂದ ವೈದ್ಯ. 1563ರಲ್ಲಿ ಗೋವಾದಲ್ಲೇ ಇವರ ಪುಸ್ತಕ ಅಚ್ಚಾಯಿತು. ನಮ್ಮ ಮಾವು, ತೆಂಗು, ಅಡಿಕೆ, ವೀಳ್ಯ, ಇಂಗು, ಗಿಡಮೂಲಿಕೆ ಎಲ್ಲ ಅದರಲ್ಲಿದೆ. ಬರೆದದ್ದು ಹೇಗೆ ಅಂತೀರಿ? ಪ್ರಶ್ನೋತ್ತರ! ರುವಾನೊ ಎಂಬ ಕಲ್ಪಿತ ವೈದ್ಯ ಕೇಳುತ್ತಾನೆ, ಓರ್ತಾ ಹೇಳುತ್ತಾರೆ. ನಡುನಡುವೆ ಅಂತೋನಿಯಾ ಎಂಬ ಸೇವಕಿ ಬೇಕಾದ ಕಾಯಿ ಬೇರು ತಂದು ತೋರಿಸುತ್ತಾಳೆ. ಅಂಥ ಒಬ್ಬ ಅಂತೋನಿಯಾ ನನಗಿಲ್ಲ. ಒಂದು ಕಾಲಕ್ಕೆ ಮುಂಬಯಿ ದ್ವೀಪವೇ ಇವರ ಗೇಣಿಯಲ್ಲಿತ್ತು.

ಹುಟ್ಟಿನಿಂದ ಇವರು ಯಹೂದಿ ಮನೆತನ. ತಂದೆತಾಯಿ ಪೋರ್ಚುಗಲ್‌ನಲ್ಲಿ ಬಲವಂತವಾಗಿ ಕ್ರೈಸ್ತರಾದವರು. 1560ರಲ್ಲಿ ಗೋವಾಕ್ಕೆ ಇನ್‌ಕ್ವಿಸಿಷನ್ ಬಂತು. ಒಳಗೊಳಗೇ ಹಳೇ ಧರ್ಮ ನಡೆಸುವವರನ್ನು ಹುಡುಕುವ ಧರ್ಮನ್ಯಾಯಾಲಯ ಅದು. ಓರ್ತಾ 1568ರಲ್ಲಿ ತೀರಿಕೊಂಡರು, ಬಚಾವಾದರು. ಮರುವರ್ಷ ತಂಗಿ ಕತರೀನಾಳನ್ನು ಸುಟ್ಟರು. 1580ರಲ್ಲಿ ಓರ್ತಾ ಅವರ ಎಲುಬುಗಳನ್ನೇ ಗೋರಿಯಿಂದ ತೆಗೆದು ಸುಟ್ಟರು. ಇದು ಲೋಕಕ್ಕೆ ತಿಳಿದದ್ದು 1930ರ ದಶಕದಲ್ಲಿ, ಇನ್‌ಕ್ವಿಸಿಷನ್ನಿನ ಹಳೇ ದಾಖಲೆ ಹುಡುಕಿದಾಗ. ಮುನ್ನೂರೈವತ್ತು ವರ್ಷ ಅವರನ್ನು ಬರೀ ಒಳ್ಳೇ ಕ್ಯಾಥೊಲಿಕ್ ವೈದ್ಯ ಎಂದೇ ಹೊಗಳಿದ್ದರು.

"ಅಜ್ಜ ಮಾಟುಂಗಾದಲ್ಲಿ ಹೋಟೆಲ್ ನಡೆಸುತ್ತಿದ್ದರು. ಅವರ ಲೆಕ್ಕದ ಪುಸ್ತಕ ಒಂದು ಟ್ರಂಕ್ ತುಂಬ ಇದೆ. ಫ್ಲ್ಯಾಟ್ ಚಿಕ್ಕದು. ರದ್ದಿಗೆ ಹಾಕಲಾ?" — ಚೆಂಬೂರ್

ಬೇಡಮ್ಮ! ದಯವಿಟ್ಟು ಬೇಡ. ಇಷ್ಟು ಹೊತ್ತು ನಾನು ಹೇಳಿದ್ದು ಯಾರೋ ಎಸೆಯದೆ ಬಿಟ್ಟ ಲೆಕ್ಕದ ಚೀಟಿಯ ಕಥೆಯೇ.

ನನ್ನ ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಪಕ್ಕದ ಮನೆ ಹುಡುಗನಿಗೆ ಹೇಳಿ ಬರೆಸುತ್ತಿದ್ದರು. ತಿಂಗಳಿಗೊಂದು ನೀಲಿ ಇನ್‌ಲ್ಯಾಂಡ್, ಹತ್ತೊಂಬತ್ತು ವರ್ಷ. ಕೊನೆಗೆ ಮಡಚುವ ಜಾಗದಲ್ಲಿ ಆ ಹುಡುಗ ತನ್ನದೊಂದು ಸಾಲು ಸೇರಿಸುತ್ತಿದ್ದ: "ಅಮ್ಮ ಅಳುತ್ತಿದ್ದಾರೆ, ಬರೆಯಬೇಡ ಅಂದಿದ್ದಾರೆ." ಮನೆ ಬದಲಿಸುವಾಗ ಆ ಕಟ್ಟನ್ನು ಹಳೇ ಪೇಪರಿನ ಜೊತೆ ನಾನೇ ತೂಕಕ್ಕೆ ಹಾಕಿದೆ. ಎಷ್ಟು ರೂಪಾಯಿ ಬಂತು ಎಂದೂ ನೆನಪಿಲ್ಲ.

ಟ್ರಂಕನ್ನು ನೆಲದಿಂದ ಎತ್ತಿ ಇಡಿ, ಮಳೆಗಾಲದಲ್ಲಿ ಗೋಡೆಗೆ ತಾಗಿಸಬೇಡಿ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಬೂಸಲು ಬರುತ್ತದೆ. ಹಳೇ ಹತ್ತಿ ಸೀರೆ ಸಾಕು. ಹರಿದ ಹಾಳೆಗೆ ಸೆಲ್ಲೋ ಟೇಪ್ ಅಂಟಿಸಲೇಬೇಡಿ. ಮೊಬೈಲಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆಯಿರಿ, ಅಂಚು ಪೂರ್ತಿ ಬರಲಿ, ಹಿಂಬದಿಯೂ ಬರಲಿ. ಅಜ್ಜ ಹಿಂಬದಿಯಲ್ಲಿ ಏನಾದರೂ ಗೀಚಿರುತ್ತಾರೆ. ಮತ್ತೆ, ಹುಡುಗರ ಸಂಬಳದ ಪುಟ ಇದ್ದರೆ ಮೊದಲು ಅದನ್ನು ತೆಗೆಯಿರಿ. ತಟ್ಟೆ ತೊಳೆದವರ, ಹಿಟ್ಟು ರುಬ್ಬಿದವರ ಹೆಸರು ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇರುವುದಿಲ್ಲ. ಒಂದು ಪುಟ ನನಗೂ ಕಳಿಸಿ. ಆಗ ಒಂದು ಪ್ಲೇಟ್ ಇಡ್ಲಿಗೆ ಎಷ್ಟಿತ್ತು ನೋಡಬೇಕು.